ಐವತ್ತೆಂಟರಲ್ಲೊಂದು ಬಾಣಂತನ

ಅಮ್ಮನ ಡಿಸ್ಚಾರ್ಜ್ ಸಮ್ಮರಿ ಎರಡು ಪುಟ ಇತ್ತು. ಮೊದಲ ಪುಟದ ತುಂಬ ರಕ್ತ ಪರೀಕ್ಷೆಯ ಅಂಕಿಗಳು. ಎರಡನೇ ಪುಟದಲ್ಲಿ ಮೂರು ಮಾತ್ರೆಯ ಹೆಸರು, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ರೆಸ್ಟ್ ಅಟ್ ಹೋಮ್’, ಅದಕ್ಕೂ ಕೆಳಗೆ ‘ರಿವ್ಯೂ ಎಸ್‌ಓಎಸ್’. ಅಪ್ಪಯ್ಯ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮನೆಗೆ ಬಂದವರೇ ದೇವರ ಗೂಡಿನ ಪಕ್ಕದ ಮೊಳೆಗೆ ಸಿಕ್ಕಿಸಿದರು. ಅಲ್ಲಿಗೆ ಆ ಕಾಗದದ ಕೆಲಸ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು.

ಆ ‘ರೆಸ್ಟ್ ಅಟ್ ಹೋಮ್’ ಅನ್ನುವ ಮೂರು ಪದ ನಮಗೆ ಅರ್ಥವಾಗಲು ಇನ್ನೊಂದು ಸಲ ಆಸ್ಪತ್ರೆಗೆ ಓಡಬೇಕಾಯಿತು. ಅದನ್ನೇ ಇಲ್ಲಿ ಮೊದಲಿಂದ ಬರೆದಿದ್ದೇನೆ. ಅಮ್ಮನಿಗೆ ಓದಿ ಹೇಳಿದ್ದೇನೆ. ಎರಡು ಕಡೆ ‘ಅಷ್ಟೆಲ್ಲ ಬೇಡ ಮಾರಾಯ’ ಅಂದಳು. ಅದನ್ನು ತೆಗೆದಿದ್ದೇನೆ.

ಯಾರು, ಏನಾಯಿತು

ಅಮ್ಮನಿಗೆ ಆಗ 58 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ, ಎರಡು ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಮೂರು ದನ, ಒಂದು ಕರು. ಮನೆಯಲ್ಲಿ ಇರುವವರು ಅಮ್ಮ, ಅಪ್ಪಯ್ಯ ಇಬ್ಬರೇ. ಅಕ್ಕ ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮನಿಗೆ ಆರು ವರ್ಷದಿಂದ ಬಿ.ಪಿ. ಇದೆ, ದಿನಕ್ಕೊಂದು ಮಾತ್ರೆ. ಅದು ಬಿಟ್ಟರೆ ಆಸ್ಪತ್ರೆಯ ಮಂಚ ಹತ್ತಿದ್ದು ನಾವಿಬ್ಬರು ಹುಟ್ಟಿದಾಗ ಮಾತ್ರ.

2025ರ ಸಂಕ್ರಾಂತಿ ಕಳೆದ ಮೂರು ದಿನ ಅವಳು ಮನೆ ಹಿಂದಿನ ಬೆಟ್ಟದಲ್ಲಿ ದರಗು ಗುಡಿಸಿದ್ದಳು. ಕೊಟ್ಟಿಗೆಗೆ ಹಾಸಲು ಒಣಗಿದ ಎಲೆ ಬೇಕಲ್ಲ, ಪ್ರತಿ ವರ್ಷದ ಕೆಲಸ. ಉಣುಗಿನ, ಅಂದರೆ ಉಣ್ಣೆ ಹುಳದ, ಕಾಟಕ್ಕೆ ಹಚ್ಚಿಕೊಳ್ಳಲು ಊರಿನ ಆಶಾ ಕಾರ್ಯಕರ್ತೆ, ನಾವು ಕರೆಯುವ ಆಶಾ ಅಕ್ಕ, ಎಣ್ಣೆಯ ಬಾಟಲಿ ಕೊಟ್ಟು ಹೋಗಿದ್ದರು. ಅದು ಜಗಲಿಯ ಕಿಟಕಿಯಲ್ಲಿ ಸೀಲ್ ಒಡೆಯದೆ ಕೂತಿತ್ತು. ಜನವರಿ 22ರ ಮಧ್ಯಾಹ್ನ ಚಳಿ ಹಿಡಿದು ಜ್ವರ ಬಂತು. ಹಣೆ ಸಿಡಿಯುವಂತೆ ತಲೆನೋವು, ಸೊಂಟ ಮುರಿದ ಹಾಗೆ ಮೈಕೈ ನೋವು. ಅಪ್ಪಯ್ಯ ಪೇಟೆಯ ಅಂಗಡಿಯಿಂದ ನೋವಿನ ಮಾತ್ರೆ ತಂದರು. ಪುಣ್ಯಕ್ಕೆ ಅಷ್ಟರಲ್ಲಿ ಆಶಾ ಅಕ್ಕ ಬಂದು, ಈ ಜ್ವರದಲ್ಲಿ ರಕ್ತಸ್ರಾವ ಆಗಬಹುದು, ನೋವಿನ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಮಾತ್ರ ಕೊಡಿ ಅಂತ ತಡೆದರು. ರಕ್ತದ ಸ್ಯಾಂಪಲ್ ಶಿವಮೊಗ್ಗದ ಲ್ಯಾಬಿಗೆ ಹೋಯಿತು. ಮಾರನೇ ದಿನವೇ ಫೋನ್ ಬಂತು: ಮಂಗನ ಕಾಯಿಲೆ.

ನಮ್ಮ ಕಡೆಯವರಿಗೆ ಈ ಹೆಸರು ಕೇಳಿದರೆ ಎದೆ ಝಲ್ ಅನ್ನುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತು ಸಿಕ್ಕಿದ್ದಕ್ಕೆ ವೈದ್ಯರು ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಅನ್ನುತ್ತಾರೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿದ್ದ ಉಣುಗು ನೆಲಕ್ಕಿಳಿಯುತ್ತದೆ. ಸಾಸಿವೆಗಿಂತ ಸಣ್ಣ ಮರಿ ಉಣುಗು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತಿದೆ. ಸಾಗರ ತಾಲ್ಲೂಕಿನ ಅರಳಗೋಡು ಸುತ್ತ 2019ರಲ್ಲಿ ಆದ ಸಾವುಗಳನ್ನು ಯಾರೂ ಮರೆತಿಲ್ಲ. ನೂರು ಜನಕ್ಕೆ ಬಂದರೆ ಮೂರರಿಂದ ಐದು ಜನ ಉಳಿಯುವುದಿಲ್ಲ ಅನ್ನುವುದು ವೈದ್ಯರ ಲೆಕ್ಕ.

25ರಂದು ಆಗುಂಬೆ ಘಾಟಿ ಇಳಿಸಿ ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಪ್ಲೇಟ್ಲೆಟ್ 38,000ಕ್ಕೆ ಇಳಿದಿತ್ತು. ವಸಡಿನಲ್ಲಿ ರಕ್ತ, ಬಿ.ಪಿ. 90ಕ್ಕೆ 60. ಆ ಎಂಟು ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಾಕ್ಟರುಗಳು, ನರ್ಸುಗಳು ಚೆನ್ನಾಗಿ ನೋಡಿಕೊಂಡರು. ಖರ್ಚು ಸರ್ಕಾರದ ಕಾರ್ಡಿನಲ್ಲಿ ಹೋಯಿತು. ಫೆಬ್ರವರಿ 2ಕ್ಕೆ ಪ್ಲೇಟ್ಲೆಟ್ 1,32,000. ಜ್ವರ ಬಿಟ್ಟು ಮೂರು ದಿನವಾಗಿತ್ತು. ಅಮ್ಮ ನಡೆದುಕೊಂಡೇ ಕಾರು ಹತ್ತಿದಳು.

ಮನೆಯ ಮೊದಲ ಆರು ದಿನ

ನಾನು ಎರಡು ದಿನ ಇದ್ದು ಬೆಂಗಳೂರಿಗೆ ಹೊರಟೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಆದರೆ ಆ ಹೊತ್ತಿಗೆ ಎಲ್ಲ ಸರಿ ಕಂಡಿತ್ತು. ಅಮ್ಮನ ಮಂಚವನ್ನು ನಡುಮನೆಯಲ್ಲಿ ಹಾಕಿದ್ದೆವು, ಗಾಳಿ ಬೆಳಕು ಚೆನ್ನಾಗಿರಲಿ ಅಂತ. ಅಲ್ಲಿ ಮಲಗಿದರೆ ಎಡಕ್ಕೆ ಅಡುಗೆ ಮನೆ ಕಾಣುತ್ತದೆ, ಬಲಕ್ಕೆ ಜಗಲಿ. ಹಿಂದಿನ ಬಾಗಿಲು ತೆರೆದಿದ್ದರೆ ಕೊಟ್ಟಿಗೆಯೂ ಕಾಣುತ್ತದೆ.

ಅಂದರೆ ಏನು? ಹಾಲು ಉಕ್ಕಿದ್ದು ಅವಳಿಗೆ ಕಾಣುತ್ತದೆ. ಅಪ್ಪಯ್ಯ ಸಾರಿಗೆ ಹುಣಸೆಹಣ್ಣು ನೆನೆಸದೆ ಹಾಗೇ ಹಾಕಿದ್ದು ಕಾಣುತ್ತದೆ. ಕರು ಹಗ್ಗ ಬಿಚ್ಚಿಕೊಂಡಿದ್ದು ಕಾಣುತ್ತದೆ. ಮಲಗಿದವಳು ಏಳುತ್ತಾಳೆ. ‘ಬರೀ ಒಂದು ಒಗ್ಗರಣೆ ಹಾಕಿ ಬರ್ತೀನಿ.’ ಒಗ್ಗರಣೆಗೆ ನಿಂತವಳು ಪಾತ್ರೆ ತೊಳೆದು ಬರುತ್ತಾಳೆ.

ಅದರ ಮೇಲೆ ನೋಡಲು ಬರುವವರು. ಊರು ಅಂದ ಮೇಲೆ ಬರಲೇಬೇಕು, ಬರದಿದ್ದರೆ ಬೇಜಾರು. ಅದು ಗೊತ್ತು. ಆರು ದಿನದಲ್ಲಿ ಮೂವತ್ತಕ್ಕೂ ಜಾಸ್ತಿ ಜನ ಬಂದಿದ್ದಾರೆ. ಕಿತ್ತಳೆ, ಬ್ರೆಡ್, ಹಾರ್ಲಿಕ್ಸ್ ತಂದಿದ್ದಾರೆ. ಹಾರ್ಲಿಕ್ಸ್ ಬಾಟಲಿಯೇ ನಾಲ್ಕು. ಬಂದವರಿಗೆ ಕಾಫಿ ಆಗಬೇಕು. ಅಪ್ಪಯ್ಯನ ಕಾಫಿ ಕುಡಿಯುವಂತಿರುವುದಿಲ್ಲ. ಹಾಗಾಗಿ ತನ್ನನ್ನು ನೋಡಲು ಬಂದವರಿಗೆ ಕಾಯಿಲೆಯವಳೇ ಕಾಫಿ ಮಾಡಿದ್ದಾಳೆ. ಎದ್ದು ಓಡಾಡುವುದನ್ನು ನೋಡಿದವರೆಲ್ಲ, ‘ಅಬ್ಬ, ಹುಷಾರಾದ್ರಲ್ಲ’ ಅಂತ ಹೋಗಿದ್ದಾರೆ. ಬರದೇ ಇದ್ದವರು ಅಂದರೆ ಅಡಿಕೆ ಸುಲಿಯುವವರು. ಕಾಯಿಲೆ ಅಂಟುತ್ತದೆ ಅಂತ ಹೆದರಿ ದೂರ ಉಳಿದರು. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆಯಲ್ಲ ಅಂತ ಆಶಾ ಅಕ್ಕ ಮನೆಮನೆಗೆ ಹೋಗಿ ಹೇಳುವಷ್ಟರಲ್ಲಿ ಕೊನೇ ಕೊಯ್ಲಿನ ಅಡಿಕೆಯನ್ನು ಅಪ್ಪಯ್ಯ ಒಬ್ಬರೇ ಕೂತು ಸುಲಿಯುತ್ತಿದ್ದರು. ಅವರು ಜಗಲಿಯಲ್ಲಿ, ಅಮ್ಮ ಅಡುಗೆ ಮನೆಯಲ್ಲಿ.

ಇನ್ನೊಂದು ಎಡವಟ್ಟು ಮಾತ್ರೆಯದ್ದು. ಬಿ.ಪಿ. ತುಂಬ ಇಳಿದಿದ್ದರಿಂದ ಆಸ್ಪತ್ರೆಯಲ್ಲಿ ಅಮ್ಮನ ಹಳೇ ಬಿ.ಪಿ. ಮಾತ್ರೆ ನಿಲ್ಲಿಸಿದ್ದರು. ಸಮ್ಮರಿಯ ಎರಡನೇ ಪುಟದಲ್ಲಿ ಅದು ಬರೆದೂ ಇತ್ತು, ಒಂದೇ ಸಾಲು, ಇಂಗ್ಲಿಷಿನಲ್ಲಿ. ಬಾಯಲ್ಲಿ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಆ ಗಡಿಬಿಡಿಯಲ್ಲಿ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಅಪ್ಪಯ್ಯ ಹೊಸ ಮೂರು ಮಾತ್ರೆಯ ಜೊತೆ ಹಳೆಯದನ್ನೂ ನಿಷ್ಠೆಯಿಂದ ಕೊಟ್ಟರು. ಫೆಬ್ರವರಿ 5ರ ಬೆಳಿಗ್ಗೆ ಅಮ್ಮ ಬಚ್ಚಲಿನಲ್ಲಿ ಕಣ್ಣು ಕತ್ತಲೆ ಬಂದು ಹಂಡೆಯ ಕಟ್ಟೆ ಹಿಡಿದು ಕೂತಳು. ಬಿದ್ದಿದ್ದರೆ ಒಲೆಯ ಮೇಲೇ. ಎಲ್ಲರೂ ಅದನ್ನು ಸುಸ್ತು ಅಂದರು.

ಆ ವಾರದಲ್ಲಿ ‘ಸುಸ್ತು’ ಅನ್ನುವ ಪದ ನಮ್ಮ ಮನೆಯಲ್ಲಿ ಎಲ್ಲಕ್ಕೂ ಉತ್ತರವಾಗಿತ್ತು. 6ರಿಂದ ತಲೆ ನೋಯುತ್ತಿತ್ತಂತೆ. ಅಮ್ಮ ಹೇಳಲಿಲ್ಲ. ಹೇಳಿದರೆ ಮತ್ತೆ ಘಾಟಿ ಇಳಿಸುತ್ತಾರೆ, ಮತ್ತೆ ಕಾರಿನ ಬಾಡಿಗೆ, ಮಗನಿಗೆ ಮತ್ತೆ ರಜೆ.

ಕರುವಿನ ಹಗ್ಗ

ಮಂಗನ ಕಾಯಿಲೆಯ ಒಂದು ಕೆಟ್ಟ ಗುಣ ಇಲ್ಲಿ ಹೇಳಬೇಕು. ಜ್ವರ ಬಿಟ್ಟು, ಒಂದೆರಡು ವಾರ ಆರಾಮವಾಗಿದ್ದು, ಮೂರನೇ ವಾರದ ಹೊತ್ತಿಗೆ ಕೆಲವರಿಗೆ ಮತ್ತೆ ಬರುತ್ತದೆ. ಹತ್ತರಲ್ಲಿ ಒಬ್ಬರಿಗೋ ಇಬ್ಬರಿಗೋ. ಈ ಎರಡನೇ ಸುತ್ತಿನಲ್ಲಿ ಮಿದುಳಿಗೆ, ಮಿದುಳಿನ ಪೊರೆಗೆ ಬಾಧೆ: ಜೋರು ತಲೆನೋವು, ಕೈ ನಡುಕ, ಕಣ್ಣು ಮಂಜಾಗುವುದು, ಮಾತು ಮತ್ತು ನೆನಪು ತಪ್ಪುವುದು. ಹಾಗಾಗಿ ಈ ಕಾಯಿಲೆಯಲ್ಲಿ ಮನೆಗೆ ಬಂದ ಮೊದಲ ಎರಡು ವಾರ ಅಂದರೆ ಕಾಯಿಲೆಯ ಬಾಲ ಇನ್ನೂ ಬಾಗಿಲಲ್ಲೇ ಸಿಕ್ಕಿಕೊಂಡಿರುವ ಹೊತ್ತು. ‘ರಿವ್ಯೂ ಎಸ್‌ಓಎಸ್’ ಅಂದರೆ ತೊಂದರೆಯಾದರೆ ತಕ್ಷಣ ಬನ್ನಿ ಅಂತ. ಯಾವ ತೊಂದರೆ? ಅದನ್ನು ಆ ಕಾಗದ ಹೇಳುವುದಿಲ್ಲ.

ಫೆಬ್ರವರಿ 8, ಶನಿವಾರ. ಬೆಳಿಗ್ಗೆ ಆರಕ್ಕೆ ಅಮ್ಮ ಕೊಟ್ಟಿಗೆಗೆ ಹೋದಳು. ಹಾಲು ಕರೆಯುವುದನ್ನು ಅಪ್ಪಯ್ಯನೇ ಮಾಡುತ್ತಿದ್ದರು. ಕರುವನ್ನು ಹಿಡಿದು ಕಟ್ಟುವುದಷ್ಟೇ ಅವಳ ಕೆಲಸ. ಹಗ್ಗ ಕೈಯಲ್ಲಿ ಹಿಡಿದು ಕಂಬದ ಎದುರು ನಿಂತಳು. ಗಂಟು ಹಾಕುವ ಹಾಗೆ ಬೆರಳು ಆಡುತ್ತಿತ್ತು. ಆದರೆ ಹಗ್ಗ ಕಂಬವನ್ನು ಸುತ್ತಿರಲಿಲ್ಲ. ಅವಳು ಗಾಳಿಗೆ ಗಂಟು ಹಾಕುತ್ತಿದ್ದಳು. ಒಂದು ಸಲ, ಎರಡು ಸಲ, ಮೂರು ಸಲ. ಅಪ್ಪಯ್ಯ ‘ಏನೇ ಅದು’ ಅಂದಿದ್ದಕ್ಕೆ, ‘ಗೌರಿ ನಿಲ್ತಾ ಇಲ್ಲ’ ಅಂದಳು. ಗೌರಿ ನಾನು ಹೈಸ್ಕೂಲಿನಲ್ಲಿದ್ದಾಗ ಸತ್ತ ದನ.

ನಿದ್ದೆಗಣ್ಣು ಅಂದುಕೊಂಡರು ಅಪ್ಪಯ್ಯ. ಕಾಫಿ ಕೊಟ್ಟರು, ಲೋಟ ನಡುಗಿ ಅರ್ಧ ಸೀರೆಯ ಮೇಲೆ ಚೆಲ್ಲಿತು. ಒಂಬತ್ತೂವರೆಗೆ ಆಶಾ ಅಕ್ಕ ಬಂದರು, ವಾರದ ಭೇಟಿಗೆ. ಜ್ವರ ನೋಡಿದರು, 101. ‘ಗಲ್ಲ ಎದೆಗೆ ತಾಗಿಸಿ ನೋಡುವ’ ಅಂದರು. ಆಗಲಿಲ್ಲ, ಕುತ್ತಿಗೆ ಸೆಟೆದಿತ್ತು. ‘ಅಣ್ಣ, ಇದು ಸುಸ್ತಲ್ಲ’ ಅಂತ ಅಪ್ಪಯ್ಯನಿಗೆ ಹೇಳಿ, ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿದರು.

ಎರಡನೇ ಸಲ ಒಂಬತ್ತು ದಿನ. ಬೆನ್ನಿನ ನೀರು ತೆಗೆದು ಪರೀಕ್ಷೆ, ಸ್ಕ್ಯಾನ್, ಎರಡು ರಾತ್ರಿ ಐಸಿಯು. 17ರಂದು ಮತ್ತೆ ಡಿಸ್ಚಾರ್ಜ್. ಈ ಸಲ ನಾನು ಸಮ್ಮರಿ ಹಿಡಿದು ಡ್ಯೂಟಿ ಡಾಕ್ಟರ ಎದುರು ಕೂತು ಪ್ರತಿ ಸಾಲಿಗೂ ಕನ್ನಡದಲ್ಲಿ ಅರ್ಥ ಕೇಳಿದೆ. ಪಾಪ, ಕೊನೇ ವರ್ಷದ ಹುಡುಗ, ಬೇಜಾರು ಮಾಡಿಕೊಳ್ಳದೆ ಹೇಳಿದ. ಬಿ.ಪಿ. ಮಾತ್ರೆಯ ವಿಷಯ ಹೊರಗೆ ಬಿದ್ದಿದ್ದೇ ಆಗ. ಕೊನೆಗೆ ಮತ್ತೆ ಅದೇ ಸಾಲು ಬಂತು, ರೆಸ್ಟ್ ಅಟ್ ಹೋಮ್. ಅವನು ಹೇಳಿದ, ‘ಮನೇಲಿ ರೆಸ್ಟ್ ಮಾಡ್ಲಿ, ಅಷ್ಟೇ.’

ಅಷ್ಟೇ. ನನಗೆ ಸಂಬಳದ ಕೆಲಸ. ಜ್ವರ ಬಂದರೆ ರಜೆ ಹಾಕುತ್ತೇನೆ, ಮನೆಗೆ ಬಂದು ಮಲಗುತ್ತೇನೆ. ಅಮ್ಮ ಎಲ್ಲಿಗೆ ಬಂದು ಮಲಗಬೇಕು? ಅವಳಿಗೆ ಮನೆ ಅಂದರೆ ಡ್ಯೂಟಿಯ ಜಾಗ. ಆಸ್ಪತ್ರೆಯಿಂದ ಅವಳನ್ನು ಮನೆಗೆ ಕಳಿಸುವುದೂ, ಕಾರ್ಖಾನೆಯವನಿಗೆ ‘ಹೋಗಿ ಮಿಷನ್ ಪಕ್ಕದಲ್ಲಿ ಮಲಗಿಕೋ’ ಅನ್ನುವುದೂ ಒಂದೇ. ನಾವು ಮೊದಲ ಸಲ ಮಾಡಿದ್ದು ಅದನ್ನೇ, ಅದೂ ಮಿಷನ್ ಚೆನ್ನಾಗಿ ಕಾಣುವ ಹಾಗೆ ಮಂಚ ಹಾಕಿ.

ಚಿಕ್ಕಮ್ಮನ ಮಾತು

ದಾರಿ ತೋರಿಸಿದ್ದು ಚಿಕ್ಕಮ್ಮ. ಅಮ್ಮನ ತಂಗಿ, ಆಸ್ಪತ್ರೆಯಲ್ಲಿ ರಾತ್ರಿ ಜೊತೆಗಿದ್ದವಳು. ‘ಇವಳಿಗೆ ಒಂದು ಬಾಣಂತನ ಮಾಡ್ಬೇಕು ನೋಡು’ ಅಂದಳು. ತಮಾಷೆಗೆ ಅಂದಳು ಅಂದುಕೊಂಡೆ. ಅಲ್ಲ. ‘ನಮ್ಮಂಥವರನ್ನ ಯಾರಾದ್ರೂ ಮಲಗಿಸಿ ಅನ್ನ ಹಾಕಿದ್ದು ಅಂದ್ರೆ ಆಗ ಮಾತ್ರ. ಅದೂ ತವರು ಮನೇಲಿ. ಗಂಡನ ಮನೇಲಿ ಮಲಗಿದ್ರೆ ಮಲಗಿದ ಹಾಗಾ?’

ಯೋಚನೆ ಮಾಡಿದಷ್ಟೂ ಸರಿ ಅನ್ನಿಸಿತು. ಬಾಣಂತನ ಅಂದರೆ ಸುಮ್ನೆ ವಿಶ್ರಾಂತಿ ಅಲ್ಲ, ಅದಕ್ಕೆ ಕಟ್ಟಳೆ ಇದೆ. ಇಷ್ಟು ದಿನ ಅಂತ ಲೆಕ್ಕ ಇದೆ. ಕೆಲಸ ಮುಟ್ಟಬಾರದು ಅಂತ ಎಲ್ಲರಿಗೂ ಗೊತ್ತು, ಮಲಗಿದವಳಿಗೂ ಗೊತ್ತು. ನಾಚಿಕೆ ಇಲ್ಲ. ಹೊಟ್ಟೆಗೆ ಏನು, ಸ್ನಾನ ಯಾವಾಗ, ನೋಡಲು ಯಾರು ಬರಬಹುದು, ಎಲ್ಲ ಮೊದಲೇ ತೀರ್ಮಾನ. ‘ರೆಸ್ಟ್’ ಅನ್ನುವ ಪದಕ್ಕೆ ನಮ್ಮ ಮನೆಗಳಲ್ಲಿ ಜಾಗ ಇಲ್ಲ. ಬಾಣಂತನಕ್ಕೆ ಇದೆ.

ಅಮ್ಮನ ತವರು ಕೊಪ್ಪ. ಅಜ್ಜ ಅಜ್ಜಿ ಇಲ್ಲ, ಮಾವ ಇದ್ದಾರೆ, ಪೇಟೆಯೊಳಗೆ ಮನೆ. ಕೊಟ್ಟಿಗೆ ಇಲ್ಲ, ಸೌದೆ ಒಲೆ ಇಲ್ಲ, ಸರ್ಕಾರಿ ಆಸ್ಪತ್ರೆ ಹತ್ತಿರ. ಅತ್ತೆಗೆ ಫೋನ್ ಮಾಡಲು ನನಗೆ ಮುಜುಗರವಾಯಿತು. ಅವರು, ‘ಇದಕ್ಕೆಲ್ಲ ಕೇಳ್ತಾರಾ, ಅತ್ತಿಗೆಯನ್ನ ಸೀದಾ ಇಲ್ಲಿಗೇ ಕರ್ಕೊಂಡು ಬಾ’ ಅಂದರು. ಹಾಗೆ ಫೆಬ್ರವರಿ 17ರ ಸಂಜೆ ಘಾಟಿ ಹತ್ತಿ ಮನೆಗೆ ಹೋಗದೆ ಕೊಪ್ಪಕ್ಕೆ ಹೋದೆವು. ಅಮ್ಮ ಕಾರಿನಲ್ಲಿ ಅತ್ತಳು. ದನಗಳ ಬಗ್ಗೆ.

ನಲವತ್ತು ದಿನ

ನಾನು ಮೂರು ವಾರ ರಜೆ ಹಾಕಿ ತೀರ್ಥಹಳ್ಳಿಯ ಮನೆಯಲ್ಲಿ ಉಳಿದೆ, ಎರಡು ದಿನಕ್ಕೊಮ್ಮೆ ಕೊಪ್ಪಕ್ಕೆ ಹೋಗಿಬಂದೆ. ಒಂದು ದಿನ ಅಮ್ಮ ಮಾಡುವ ಕೆಲಸವನ್ನೆಲ್ಲ ನಾನೇ ಮಾಡಿದೆ, ಫೋನ್ ಜೇಬಿನಲ್ಲಿತ್ತು. ರಾತ್ರಿ ನೋಡಿದರೆ 11,640 ಹೆಜ್ಜೆ. ಅಂಗಳ ದಾಟಿ ಹೊರಗೆ ಕಾಲಿಟ್ಟಿರಲಿಲ್ಲ. ಅಪ್ಪಯ್ಯನಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಮಾರನೇ ದಿನ ಒಂದು ದನವನ್ನು ಮಾರುವ ಮಾತು ಅವರೇ ತೆಗೆದರು.

ಕೊಪ್ಪದಲ್ಲಿ ಅಮ್ಮನ ಸ್ಥಿತಿ ಹೇಗಿತ್ತು ಅಂದರೆ: ತೂಕ 54 ಕೆಜಿಯಿಂದ 46ಕ್ಕೆ ಇಳಿದಿತ್ತು. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. ಬಲಗೈ ನಡುಕ. ಪೇಪರಿನ ತಲೆಬರಹ ಓದುತ್ತಿದ್ದಳು, ಸಣ್ಣ ಅಕ್ಷರ ಮಂಜು. ಮಾತಿನ ನಡುವೆ ಹೆಸರು ಸಿಗದೆ ನಿಲ್ಲುತ್ತಿದ್ದಳು. ಮಧ್ಯಾಹ್ನ ಸುಮ್ಮಸುಮ್ಮನೆ ಅಳು.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟೆವು. ದಿನಕ್ಕೆ ಎರಡು ಸಲ ಜ್ವರ, ಒಂದು ಸಲ ಬಿ.ಪಿ., ಏನು ತಿಂದಳು, ಎಷ್ಟು ನಿದ್ದೆ. ಹಳೇ ಮಾತ್ರೆಗಳೆಲ್ಲ ಒಂದು ಡಬ್ಬಿಗೆ ಹಾಕಿ ಬೀರುವಿನ ಮೇಲೆ. ಈಗಿನವು ಮಾತ್ರ ಕೈಗೆ ಸಿಗುವ ಜಾಗದಲ್ಲಿ. ಬಿ.ಪಿ. ಮಾತ್ರೆಯನ್ನು ಡಾಕ್ಟರು ನೋಟ್‌ಬುಕ್ಕಿನ ಅಂಕಿ ನೋಡಿ ಮಾರ್ಚ್ ಎರಡನೇ ವಾರದಲ್ಲಿ ಅರ್ಧ ಡೋಸಿನಿಂದ ಮತ್ತೆ ಶುರು ಮಾಡಿದರು. ನೋಟ್‌ಬುಕ್ಕಿನ ರಟ್ಟಿನ ಒಳಗೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ: ಜ್ವರ 100.4 ದಾಟಿದರೆ, ತಲೆನೋವು ಬಂದರೆ, ವಾಂತಿಯಾದರೆ, ಒಂದು ಎರಡಾಗಿ ಕಂಡರೆ, ಮಾತು ತಪ್ಪಿದರೆ, ವಸಡಿನಲ್ಲಿ ರಕ್ತ ಕಂಡರೆ, ಮಲ ಕಪ್ಪಾದರೆ ಹೊರಡುವುದು, ಯಾರನ್ನೂ ಕೇಳುವುದು ಬೇಡ. ಆ ಡ್ಯೂಟಿ ಡಾಕ್ಟರ ಬಾಯಿಂದ ಕೇಳಿ ಬರೆದುಕೊಂಡ ಪಟ್ಟಿ ಅದು. ಡಿಸ್ಚಾರ್ಜ್ ಕಾಗದದಲ್ಲಿ ಇರಬೇಕಿದ್ದಿದ್ದು ಇದೇ, ಅಲ್ವಾ?

ನೆನಪು ಸರಿ ಇದೆಯೇ ನೋಡಲು ಮಾವ ದಿನಾ ಬೆಳಿಗ್ಗೆ ‘ಇವತ್ತು ಯಾವ ವಾರ ಅಕ್ಕ?’ ಅಂತ ಕೇಳುತ್ತಿದ್ದರು. ಮೊದಲ ವಾರ ಯೋಚಿಸಿ ಹೇಳುತ್ತಿದ್ದಳು. ಮಾರ್ಚ್ ಶುರುವಿನಲ್ಲಿ ಒಂದು ದಿನ, ‘ಅಷ್ಟೂ ಗೊತ್ತಿಲ್ವನಾ ನಿಂಗೆ? ಕ್ಯಾಲೆಂಡರ್ ನೋಡು’ ಅಂತ ರೇಗಿದಳು. ಅವತ್ತು ಮಾವ ನೋಟ್‌ಬುಕ್ಕಿನಲ್ಲಿ ‘ಸಿಟ್ಟು ಬಂದಿದೆ, ಒಳ್ಳೇ ಲಕ್ಷಣ’ ಅಂತ ಬರೆದಿಟ್ಟಿದ್ದಾರೆ.

ಬಾಣಂತನ ಅಂದ ಮೇಲೆ ಪಥ್ಯವೂ ಬಂತು, ಇಲ್ಲಿ ಸ್ವಲ್ಪ ಜಗಳವಾಯಿತು. ಅತ್ತೆಯ ತಾಯಿ, ಎಂಬತ್ತು ದಾಟಿದವರು, ಹಳೇ ಕ್ರಮದವರು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ನೀರು ಕಡಿಮೆ, ಮೊಸರು ಮುಟ್ಟುವ ಹಾಗಿಲ್ಲ, ಮೆಣಸಿನ ಸಾರು ಅನ್ನ ಅಷ್ಟೇ. ಕಿವಿಗೆ ಹತ್ತಿ ಇಟ್ಟುಕೊಳ್ಳಲಿ ಬಿಡಿ, ಯಾರಿಗೇನು ನಷ್ಟ. ನೀರು ಕಡಿಮೆ ಮಾಡುವುದು ಮಾತ್ರ ಬೇಡವೇ ಬೇಡ ಅಂತ ನಾನು ಹಟ ಹಿಡಿದೆ. ಬಿ.ಪಿ. ಇಳಿದು ಬಚ್ಚಲಿನಲ್ಲಿ ಕೂತವಳು ಅವಳು. ಕರಗಿದ ಮಾಂಸಖಂಡ ತುಂಬಲು ಬರೀ ಅನ್ನ ಸಾರು ಸಾಲದು. ಕೊನೆಗೆ ಒಪ್ಪಂದವಾಯಿತು: ಅವರ ಮೆಣಸಿನ ಸಾರು ಇರಲಿ, ಅದರ ಜೊತೆ ದಿನಕ್ಕೆ ಎರಡು ಮೊಟ್ಟೆ, ಹೆಸರುಬೇಳೆ ತೊವ್ವೆ, ಮಧ್ಯಾಹ್ನ ಒಂದೆಲಗದ ತಂಬುಳಿ. ತಂಬುಳಿಗೆ ಮಜ್ಜಿಗೆ ಬೇಕು. ಅಜ್ಜಿ ಅದನ್ನು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟರು, ಒಂದೆಲಗ ತಲೆಗೆ ಒಳ್ಳೇದು ಅಂತ ಅವರೇ ಹೇಳಿದ್ದರಿಂದ.

ಫಿಸಿಯೋದವರು ಒಂದೇ ಸಲ ಬಂದು ತೋರಿಸಿಕೊಟ್ಟರು. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಜಗಲಿಯಿಂದ ಗೇಟಿನವರೆಗೆ ನಡೆಯುವುದು. ಅವರು ಹೇಳಿದ ಒಂದು ಮಾತು ತುಂಬ ಉಪಯೋಗಕ್ಕೆ ಬಂತು. ಇವತ್ತು ಮಾಡಿದ್ದು ಜಾಸ್ತಿಯಾಯಿತೋ ಇಲ್ಲವೋ ಅಂತ ಇವತ್ತು ಗೊತ್ತಾಗುವುದಿಲ್ಲ, ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ. ಏಳಲು ಕಷ್ಟವಾದರೆ ನಿನ್ನೆಯದ್ದು ಜಾಸ್ತಿ, ಅರ್ಧಕ್ಕೆ ಇಳಿಸಿ. ಅಮ್ಮನ ಜೀವನದಲ್ಲಿ ಇಂಥ ಲೆಕ್ಕವೇ ಇರಲಿಲ್ಲ. ಕೆಲಸ ಮುಗಿದಾಗ ನಿಲ್ಲಿಸುವುದು ಗೊತ್ತಿತ್ತು. ಕೆಲಸ ಇರುವಾಗಲೇ ನಿಲ್ಲಿಸುವುದು ಅವಳಿಗೆ ಹೊಸದು.

ಕೈ ನಡುಕಕ್ಕೆ ಫಿಸಿಯೋದವರು ಸ್ಪಂಜಿನ ಚೆಂಡು ಹಿಸುಕಲು ಹೇಳಿದ್ದರು. ಅಮ್ಮನಿಗೆ ಅದು ಮಕ್ಕಳಾಟ ಅನ್ನಿಸಿತು. ಅತ್ತೆ ಒಂದು ದಿನ ಮೊರದಲ್ಲಿ ಎರಡು ಹಿಡಿ ಅಕ್ಕಿ ಹಾಕಿ ಕೊಟ್ಟರು. ಕೇರುವುದು ನೋಡಲು ಸುಲಭ. ಆದರೆ ಮಣಿಕಟ್ಟು, ಮೊಣಕೈ, ಕಣ್ಣು ಮೂರೂ ಒಂದೇ ತಾಳದಲ್ಲಿ ಇರಬೇಕು. ಮೊದಲ ದಿನ ಅಕ್ಕಿ ಅರ್ಧ ನೆಲದ ಮೇಲೆ. ಅಮ್ಮ ಮೊರ ಕೆಳಗಿಟ್ಟು ಗೋಡೆ ಕಡೆ ತಿರುಗಿ ಕೂತಳು. ಅತ್ತೆ ಏನೂ ಮಾತಾಡದೆ ನೆಲಕ್ಕೆ ಹಳೇ ಸೀರೆ ಹಾಸಿ, ಅಕ್ಕಿ ಒಟ್ಟುಮಾಡಿ ಮತ್ತೆ ಮೊರಕ್ಕೆ ಹಾಕಿ ಪಕ್ಕದಲ್ಲಿಟ್ಟರು. ಮಾರನೇ ದಿನ ಅಮ್ಮನೇ ಎತ್ತಿಕೊಂಡಳು. ನೋಟ್‌ಬುಕ್ಕಿನಲ್ಲಿ ಅತ್ತೆಯ ಅಕ್ಷರದಲ್ಲಿ ಹೀಗಿದೆ: ‘3ನೇ ತಾರೀಕು ಚೆಲ್ಲಿದ್ದು ಅರ್ಧ ಪಾವು. 11ನೇ ತಾರೀಕು ಒಂದು ಹಿಡಿ. 20ನೇ ತಾರೀಕು ಹತ್ತು ಹದಿನೈದು ಕಾಳು.’ ಯಾವ ಲ್ಯಾಬ್ ರಿಪೋರ್ಟಿಗಿಂತಲೂ ನನಗೆ ಇದನ್ನು ಓದಿದರೆ ಧೈರ್ಯ ಬರುತ್ತಿತ್ತು.

ನೋಡಲು ಬರುವವರಿಗೆ ಮಾವ ಸಂಜೆ ಐದರಿಂದ ಆರು ಅಂತ ಹೊತ್ತು ಇಟ್ಟರು, ಆಸ್ಪತ್ರೆಯ ಹಾಗೆ. ಫ್ಲಾಸ್ಕಿನಲ್ಲಿ ಕಾಫಿ ಮೊದಲೇ ಸಿದ್ಧ. ಕೆಲವರಿಗೆ ಬೇಸರವಾಯಿತು. ಆಗಲಿ.

ಮನೆಗೆ ಬಂದ ಮೇಲೆ

ಮಾರ್ಚ್ 29ಕ್ಕೆ ನಲವತ್ತು ದಿನ ತುಂಬಿತು. ಮಾರನೇ ದಿನ ಯುಗಾದಿ. ಹಬ್ಬಕ್ಕೆ ಮನೆಯಲ್ಲಿರಬೇಕು ಅಂತ ಅಮ್ಮ ಹಟ ಮಾಡಿದಳು, ನಾವು ಒಪ್ಪಿದೆವು. ಒಪ್ಪಿದ್ದು ತಪ್ಪಾಯಿತೇನೋ. ಹಬ್ಬದ ದಿನ ಒಬ್ಬಟ್ಟಿನ ಹೂರಣ ತಿರುವಲು ನಿಂತವಳು ಮಾರನೇ ಎರಡು ದಿನ ಎದ್ದಿಲ್ಲ. ಜ್ವರ ಇರಲಿಲ್ಲ, ರಟ್ಟಿನ ಒಳಗಿನ ಯಾವ ಲಕ್ಷಣವೂ ಇರಲಿಲ್ಲ. ಹಾಗಾಗಿ ಹೆದರದೆ ಮಲಗಲು ಬಿಟ್ಟೆವು. ಈ ಸಲ ಅದು ನಿಜವಾಗಿಯೂ ಸುಸ್ತೇ ಆಗಿತ್ತು. ಎರಡಕ್ಕೂ ವ್ಯತ್ಯಾಸ ಹೇಳಲು ನಮ್ಮ ಹತ್ತಿರ ಈಗ ಪಟ್ಟಿ ಇತ್ತು.

ಮನೆಯನ್ನು ಸ್ವಲ್ಪ ಬದಲಾಯಿಸಿದ್ದೆವು. ಮಂಚ ನಡುಮನೆಯಿಂದ ಮೂಲೆಯ ಕೋಣೆಗೆ ಹೋಗಿತ್ತು, ಅಲ್ಲಿಂದ ಕಿಟಕಿಯ ಆಚೆ ಹಲಸಿನ ಮರ ಬಿಟ್ಟು ಏನೂ ಕಾಣುವುದಿಲ್ಲ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ಕೂರಲು ಪ್ಲಾಸ್ಟಿಕ್ ಸ್ಟೂಲು. ಒಂದು ದನವನ್ನು ಕರುವಿನ ಸಮೇತ ಚಿಕ್ಕಮ್ಮನ ಊರಿನವರಿಗೆ ಕೊಟ್ಟಾಗಿತ್ತು. ಅಪ್ಪಯ್ಯ ಅಷ್ಟರಲ್ಲಿ ಅನ್ನ, ಸಾರು, ಒಂದು ಪಲ್ಯ ಕಲಿತಿದ್ದರು. ಸಾರು ಇವತ್ತಿಗೂ ಸ್ವಲ್ಪ ಹುಳಿ ಜಾಸ್ತಿ. ಅಮ್ಮ ಊಟಕ್ಕೆ ಕೂತಾಗ ಬಾಯಿ ತೆರೆಯುತ್ತಾಳೆ, ಅಪ್ಪಯ್ಯನ ಮುಖ ನೋಡುತ್ತಾಳೆ, ಬಾಯಿ ಮುಚ್ಚುತ್ತಾಳೆ. ಅವಳ ಚೇತರಿಕೆಯಲ್ಲಿ ಇದಕ್ಕಿಂತ ಕಷ್ಟದ ವ್ಯಾಯಾಮ ಇನ್ನೊಂದಿರಲಿಲ್ಲ ಅನ್ನಿಸುತ್ತದೆ.

ಏಪ್ರಿಲ್ ಮಧ್ಯದಲ್ಲಿ ತಲೆಕೂದಲು ಉದುರಲು ಶುರುವಾಯಿತು. ಬಾಚಿದರೆ ಹಿಡಿ ಹಿಡಿ, ಬಚ್ಚಲಿನ ಜಾಲರಿ ಕಟ್ಟಿಕೊಂಡು ನೀರು ನಿಂತಿತು. ಅಮ್ಮ ಉದುರಿದ ಕೂದಲನ್ನೆಲ್ಲ ಉಂಡೆ ಮಾಡಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತೆಗೆದಿಟ್ಟಿದ್ದಳು. ಯಾಕೆ ಅಂದರೆ, ‘ಡಾಕ್ಟರಿಗೆ ತೋರಿಸಲಿಕ್ಕೆ’ ಅಂದಳು. ಕಾಯಿಲೆ ಮೂರನೇ ಸಲ ಬಂತು ಅಂದುಕೊಂಡು ಹತ್ತು ದಿನ ಒಳಗೊಳಗೇ ಹೆದರಿದ್ದಾಳೆ. ಜೋರು ಜ್ವರದ ಕಾಯಿಲೆ ಯಾವುದೇ ಇರಲಿ, ಎರಡು ಮೂರು ತಿಂಗಳ ನಂತರ ಹೀಗೆ ಕೂದಲು ಉದುರುವುದು ಸಾಮಾನ್ಯ, ಮತ್ತೆ ಬರುತ್ತದೆ ಅಂತ ಡಾಕ್ಟರು ಹೇಳಿದರು. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಆ ಹತ್ತು ದಿನ ಉಳಿಯುತ್ತಿತ್ತು.

ಅಳು ಮೇ ತಿಂಗಳವರೆಗೂ ಇತ್ತು. ಇದರ ಬಗ್ಗೆ ನಾವು ಸಾಕಷ್ಟು ಮಾಡಲಿಲ್ಲ. ಡಾಕ್ಟರಿಗೆ ಹೇಳಲು ಅವಳಿಗೆ ಸಂಕೋಚ, ಕೇಳಲು ನಮಗೆ ಸಂಕೋಚ. ಒಂದು ರಾತ್ರಿ ಅಕ್ಕನ ಹತ್ತಿರ ಫೋನಿನಲ್ಲಿ ಹೇಳಿದ್ದಳಂತೆ: ‘ನಾನಿಲ್ಲದೆಯೂ ಮನೆ ನಡೀತು ನೋಡು.’ ಅಕ್ಕ ಅದನ್ನು ನನಗೆ ಹೇಳಿದಾಗ ಇಬ್ಬರಿಗೂ ಮಾತು ಬರಲಿಲ್ಲ. ಅವಳ ಕೆಲಸವನ್ನೆಲ್ಲ ಹಂಚಿಕೊಂಡು ಒಳ್ಳೇದು ಮಾಡಿದೆವು ಅಂದುಕೊಂಡಿದ್ದೆವು. ಜೊತೆಗೇ ಅವಳಿಂದ ಏನನ್ನೋ ಕಿತ್ತುಕೊಂಡಿದ್ದೆವು. ಮಾರನೇ ವಾರದಿಂದ ಹಾಲಿನ ಡೈರಿಯ ಲೆಕ್ಕ, ಅಡಿಕೆ ಮಂಡಿಯ ಚೀಟಿ ಎಲ್ಲ ಅವಳ ಕೈಗೆ ಕೊಟ್ಟರು ಅಪ್ಪಯ್ಯ. ಕೂತು ಮಾಡುವ ಕೆಲಸ. ಮಂಡಿಯವರ ಲೆಕ್ಕದಲ್ಲಿ 640 ರೂಪಾಯಿ ತಪ್ಪು ಹಿಡಿದ ದಿನ ಅವಳು ನನಗೆ ತಾನೇ ಫೋನ್ ಮಾಡಿದಳು, ಕಾಯಿಲೆಯಾದ ಮೇಲೆ ಮೊದಲ ಸಲ.

ಜೂನ್ 12ಕ್ಕೆ ಕೊನೆಯ ತಪಾಸಣೆ. ಮಳೆ ಹಿಡಿದಿತ್ತು, ಆಗುಂಬೆಯಲ್ಲಿ ಎದುರಿನ ಗಾಡಿ ಕಾಣುತ್ತಿರಲಿಲ್ಲ. ತೂಕ 51, ಬಿ.ಪಿ. ಸರಿ, ಕಣ್ಣು ಸರಿ. ಬಲಗೈಯ ನಡುಕ ಸೂಜಿಗೆ ದಾರ ಪೋಣಿಸುವಾಗ ಮಾತ್ರ. ಮೊದಲ ಡಿಸ್ಚಾರ್ಜಿನಿಂದ ಲೆಕ್ಕ ಹಾಕಿದರೆ 130 ದಿನ. ಈ ಕಾಯಿಲೆಯಲ್ಲಿ ಚೇತರಿಕೆಗೆ ತಿಂಗಳುಗಟ್ಟಲೆ ಹಿಡಿಯುವುದು ಮಾಮೂಲಿ ಅಂತ ಡಾಕ್ಟರು ಹೇಳಿದರು.

ದೀಪಾವಳಿ ಕಳೆದ ಮೇಲೆ ಆಶಾ ಅಕ್ಕ ಮತ್ತೆ ಎಣ್ಣೆ ಹಂಚಲು ಬಂದರು. ಒಂದು ಮನೆಗೆ ಒಂದು ಬಾಟಲಿ ಕೈಗಿಟ್ಟರು. ಅಮ್ಮ ಇನ್ನೊಂದು ಕೇಳಿದಳು. ‘ಯಾಕಕ್ಕ, ಇಬ್ಬರಿಗೆ ಒಂದು ಸಾಕಾಗ್ತದಲ್ಲ?’

‘ನಂದು ನಂಗೆ ತೋಟಕ್ಕೆ ಹೋಗ್ಲಿಕ್ಕೆ’ ಅಂದಳು ಅಮ್ಮ. ‘ಅವ್ರಿಗೆ ಜಾಸ್ತಿ ಬೇಕು. ಈ ಸಲ ದರಗು ಗುಡಿಸೋದು ಅವ್ರೇ.’